ನೀರಿಗಿಂತ ಮೊದಲು ಕಂಪನಮಾಪಕ ಇಳಿಯಲಿ

ಮಾನ್ಯ ಸಂಪಾದಕರೇ,

ಲಡಾಖ್‌ನ ಪೂಗಾ ಕಣಿವೆಯಲ್ಲಿ ನೆಲದಾಳದ ಶಾಖದಿಂದ ವಿದ್ಯುತ್ ತೆಗೆಯುವ ಯೋಜನೆಯ ಸುದ್ದಿ ಆಗಾಗ ಬರುತ್ತಲೇ ಇದೆ. 2025ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಭೂಶಾಖ ಶಕ್ತಿ ನೀತಿಯನ್ನು ಹೊರಡಿಸಿದ ಮೇಲಂತೂ 381 ಬಿಸಿನೀರಿನ ತಾಣಗಳು, 10,600 ಮೆಗಾವಾಟ್ ಅಂದಾಜು ಎಂಬ ಎರಡು ಅಂಕಿಗಳು ಕಂಠಪಾಠವಾಗುವಷ್ಟು ಸಲ ಅಚ್ಚಾಗಿವೆ. ಬಾವಿಯ ಸುತ್ತ ನೆಲ ಎಷ್ಟು ಅದುರುತ್ತದೆ, ಅದನ್ನು ಯಾರು ಅಳೆಯುತ್ತಾರೆ, ಎಂದಿನಿಂದ ಅಳೆಯುತ್ತಾರೆ ಎಂಬ ಪ್ರಶ್ನೆ ಮಾತ್ರ ಅಪರೂಪಕ್ಕೂ ಏಳುವುದಿಲ್ಲ. ಭೂಕಂಪ ಅಧ್ಯಯನದಲ್ಲಿ ತೊಡಗಿರುವ ನಮ್ಮ ಒತ್ತಾಯ ಇಷ್ಟೇ: ಬಾವಿಗೆ ನೀರು ತಳ್ಳುವುದಕ್ಕೆ ಕನಿಷ್ಠ ಒಂದು ವರ್ಷ ಮುಂಚೆ ಕಂಪನಮಾಪಕಗಳು ನೆಲ ಸೇರಿರಬೇಕು. ಆ ದತ್ತಾಂಶದ ಅಧ್ಯಯನ ಪಿಎಚ್.ಡಿ. ಸಂಶೋಧನೆಯಾಗಿ ಯೋಜನೆಯ ವೆಚ್ಚದಲ್ಲೇ ಸೇರಿರಬೇಕು. ಆಮೇಲೆ ನೋಡೋಣ ಎಂದು ಬಿಡುವ ಬಾಬತ್ತು ಅದಲ್ಲ.

ಪೂಗಾ ಇರುವುದು ಸುಮಾರು 4,400 ಮೀಟರ್ ಎತ್ತರದಲ್ಲಿ. ಅಷ್ಟು ಎತ್ತರದಲ್ಲಿ ನೀರು 85 ಡಿಗ್ರಿ ಆಸುಪಾಸಿನಲ್ಲೇ ಕುದಿಯುತ್ತದೆ. ಅಲ್ಲಿನ ಕೆಲವು ಬುಗ್ಗೆಗಳ ಬಿಸಿಯೂ ಹೆಚ್ಚುಕಡಿಮೆ ಅಷ್ಟೇ ಇದೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ 1970ರ ದಶಕದಲ್ಲೇ ಇಲ್ಲಿ ಬಾವಿಗಳನ್ನು ಕೊರೆಯತೊಡಗಿತ್ತು. ಆಗಿನ ಅತಿ ಆಳದ ಬಾವಿ 385 ಮೀಟರ್. 2021ರ ಫೆಬ್ರುವರಿಯಲ್ಲಿ ಒಎನ್‌ಜಿಸಿ, ಲಡಾಖ್ ಆಡಳಿತ ಮತ್ತು ಲೇಹ್ ಗುಡ್ಡಗಾಡು ಅಭಿವೃದ್ಧಿ ಮಂಡಳಿ ಸೇರಿ 1 ಮೆಗಾವಾಟ್ ಪ್ರಾಯೋಗಿಕ ಘಟಕಕ್ಕೆ ಒಪ್ಪಂದ ಮಾಡಿಕೊಂಡವು. 2022ರ ಆಗಸ್ಟ್‌ನಲ್ಲಿ ಕೊರೆಯುವಾಗ ಒಳಗಿನ ದ್ರವ ಹೊರಬಂದು ಪೂಗಾ ತೊರೆಗೆ ಸೇರಿತು. ಬೋರಾನ್ ಮತ್ತಿತರ ಲವಣ ಕರಗಿರುವ ಈ ನೀರನ್ನು ತೊರೆಗೆ ಬಿಡುವಂತಿಲ್ಲ, ಶಾಖ ತೆಗೆದ ಮೇಲೆ ಇನ್ನೊಂದು ಬಾವಿಯ ಮೂಲಕ ಮರಳಿ ನೆಲಕ್ಕೇ ಇಳಿಸಬೇಕು ಎಂಬ ವಾದ ಸರಿಯಾದದ್ದೇ. ಆದರೆ ಕಂಪನದ ಲೆಕ್ಕ ಶುರುವಾಗುವುದೇ ಈ ಮರುಪೂರಣ ಬಾವಿಯಲ್ಲಿ.

ಐಸ್‌ಲ್ಯಾಂಡಿನ ಹೆಲ್ಲಿಶೈದಿ ಸ್ಥಾವರದಲ್ಲಿ ಆದದ್ದೂ ಇದೇ. ಬಳಸಿದ ನೀರನ್ನು ಮೇಲೆ ಹರಿಯಬಿಡದೆ ಹೂಸ್‌ಮೂಲಿ ಎಂಬಲ್ಲಿನ ಬಾವಿಗಳಿಗೆ ಇಳಿಸಲು 2011ರ ಸೆಪ್ಟೆಂಬರ್‌ನಲ್ಲಿ ಆರಂಭಿಸಿದರು. ಅಕ್ಟೋಬರ್ 15ರಂದು 4ರ ಆಸುಪಾಸಿನ ಗಾತ್ರದ ಎರಡು ಕಂಪನಗಳು ಅಕ್ಕಪಕ್ಕದ ಊರಿನವರನ್ನು ಬೆಚ್ಚಿಬೀಳಿಸಿದವು. ಬಂಡೆ ಒಡೆಯುವ ಉದ್ದೇಶ ಅಲ್ಲಿ ಯಾರಿಗೂ ಇರಲಿಲ್ಲ. ಪರಿಸರ ಉಳಿಸಲೆಂದೇ ನೀರು ಇಳಿಸಿದ್ದು. ಆಮೇಲೆ ನೀರಿನ ಪ್ರಮಾಣವನ್ನು ಒಮ್ಮೆಲೇ ಏರಿಸದೆ, ಒಮ್ಮೆಲೇ ಇಳಿಸದೆ ನಿಧಾನಕ್ಕೆ ಬದಲಿಸುವ ಪದ್ಧತಿ ಬಂತು.

ನೀರು ಹೋದರೆ ಬಂಡೆ ಯಾಕೆ ಜಾರಬೇಕು? ಆಳದ ಬಿರುಕಿನ ಎರಡು ಮುಖಗಳನ್ನು ಮೇಲಿನ ಕಲ್ಲಿನ ಭಾರವೂ ಅಕ್ಕಪಕ್ಕದ ಒತ್ತಡವೂ ಬಿಗಿಯಾಗಿ ಅದುಮಿ ಹಿಡಿದಿರುತ್ತವೆ. ಬಿರುಕಿನೊಳಗಿನ ನೀರಿನ ಒತ್ತಡ ಏರಿದಂತೆ ಆ ಭಾರದಲ್ಲಿ ಒಂದು ಪಾಲನ್ನು ನೀರೇ ಹೊರುತ್ತದೆ. ಕುದಿಯುವ ಪಾತ್ರೆಯ ಮುಚ್ಚಳ ಹಾರದಿದ್ದರೂ ಬೆರಳು ತಾಕಿದರೆ ಸಾಕು ಸರಿಯುವ ಹಾಗೆ. ಬಿರುಕು ಮೊದಲೇ ಜಾರುವ ಅಂಚಿನಲ್ಲಿದ್ದರೆ ಅಷ್ಟೇ ಸಾಕು. ಇದಲ್ಲದೆ ತಣ್ಣನೆಯ ನೀರು ಬಿಸಿ ಬಂಡೆಯನ್ನು ಕುಗ್ಗಿಸುತ್ತದೆ. ಅದರ ಪರಿಣಾಮ ವರ್ಷಗಟ್ಟಲೆ ನಿಧಾನವಾಗಿ ಹರಡುತ್ತ ಹೋಗುತ್ತದೆ. ಇಂಥ ಜಾರಿಕೆಗಳಲ್ಲಿ ಬಹುಪಾಲು ಮನುಷ್ಯರಿಗೆ ಗೊತ್ತೇ ಆಗದ ಕಿರುಕಂಪನಗಳು. ನೀರು ಯಾವ ದಿಕ್ಕಿಗೆ, ಎಷ್ಟು ದೂರ ಹೋಯಿತು ಎಂದು ತಿಳಿಸುವುದೂ ಅವೇ. ಹಾಗಾಗಿ ಭೂಶಾಖದ ಎಂಜಿನಿಯರಿಗೆ ಕಂಪನವೆಂದರೆ ಕೇವಲ ಅಪಾಯವಲ್ಲ, ಕಣ್ಣಿಗೆ ಕಾಣದ ಜಲಾಶಯದ ನಕ್ಷೆ ಕೂಡ.

ಇಷ್ಟು ನೀರಿಗೆ ಇಷ್ಟು ಕಂಪನ ಎಂಬ ಸರಳ ಲೆಕ್ಕ ಉಂಟೇ ಎಂದು ಕೇಳುವವರ ಮುಂದೆ, ಬಿಸಿ ಬಂಡೆಯ ಬಿರುಕುಗಳನ್ನು ಅಗಲಿಸಲೆಂದೇ ಒತ್ತಡದಲ್ಲಿ ನೀರು ತಳ್ಳಿದ ಮೂರು ಊರುಗಳನ್ನು ಇಡಬಹುದು. ಸ್ವಿಟ್ಜರ್‌ಲ್ಯಾಂಡಿನ ಬಾಸೆಲ್‌ನಲ್ಲಿ 2006ರಲ್ಲಿ 5 ಕಿಲೋಮೀಟರ್ ಆಳದ ಬಾವಿಗೆ ತಳ್ಳಿದ್ದು ಸುಮಾರು 11,570 ಘನ ಮೀಟರ್ ನೀರು. ಅತಿ ದೊಡ್ಡ ಕಂಪನ 3.4. ಫಿನ್‌ಲ್ಯಾಂಡಿನ ಎಸ್ಪೋದಲ್ಲಿ 2018ರಲ್ಲಿ 6.1 ಕಿಲೋಮೀಟರ್ ಆಳಕ್ಕೆ 49 ದಿನಗಳಲ್ಲಿ ತಳ್ಳಿದ್ದು 18,160 ಘನ ಮೀಟರ್. ಅತಿ ದೊಡ್ಡದು 1.9. ದಕ್ಷಿಣ ಕೊರಿಯಾದ ಪೋಹಾಂಗ್‌ನಲ್ಲಿ 2016ರಿಂದ 2017ರವರೆಗೆ ಎರಡು ಬಾವಿಗಳಿಗೆ ಒಟ್ಟು ಸುಮಾರು 12,800 ಘನ ಮೀಟರ್. 2017ರ ನವೆಂಬರ್ 15ರಂದು ಬಂದದ್ದು 5.5ರ ಭೂಕಂಪ. ಎಲ್ಲರಿಗಿಂತ ಹೆಚ್ಚು ನೀರು ಹೋದಲ್ಲಿ ಎಲ್ಲಕ್ಕಿಂತ ಸಣ್ಣ ಕಂಪನ. ನೀರಿನ ಮೊತ್ತಕ್ಕಿಂತ ಅದು ಯಾವ ಬಿರುಕಿಗೆ ತಾಗಿತು ಎಂಬುದೇ ಮುಖ್ಯ, ಮತ್ತು ಅದು ತಿಳಿಯುವುದು ಕಿರುಕಂಪನಗಳನ್ನು ನಿಖರವಾಗಿ ಗುರುತಿಸಿದಾಗ ಮಾತ್ರ.

ಬಾಸೆಲ್‌ನವರು ಬೇಜವಾಬ್ದಾರಿಯಿಂದ ನಡೆದುಕೊಂಡರು ಎನ್ನುವಂತಿಲ್ಲ. ಸುಮಾರು 300 ಮೀಟರಿನಿಂದ 2,700 ಮೀಟರ್ ಆಳದವರೆಗಿನ ಆರು ಬಾವಿಗಳಲ್ಲಿ ಕಂಪನಮಾಪಕ ಇಳಿಸಿದ್ದರು. 10,000ಕ್ಕೂ ಹೆಚ್ಚು ಕಿರುಕಂಪನ ದಾಖಲಾದವು. ಟ್ರಾಫಿಕ್ ಸಿಗ್ನಲ್ ಮಾದರಿಯ ನಿಯಮವೂ ಇತ್ತು: ಇಷ್ಟರೊಳಗಿದ್ದರೆ ಹಸಿರು, ಇಷ್ಟು ಮೀರಿದರೆ ಪಂಪ್ ನಿಧಾನ, ಅದನ್ನೂ ಮೀರಿದರೆ ನಿಲ್ಲಿಸಿ ಒತ್ತಡ ಬಿಡುವುದು. ಡಿಸೆಂಬರ್ 2ರಂದು ಪಂಪ್ ಶುರುವಾಯಿತು. ಬಾವಿಯ ಬಾಯಲ್ಲಿ ಒತ್ತಡ ಹಂತ ಹಂತವಾಗಿ ಸುಮಾರು 300 ಬಾರ್‌ಗೆ ಏರಿತು. 8ರ ಬೆಳಗಿನ ಜಾವ 2.6ರ ಕಂಪನ ಬಂದಾಗ ನಿಯಮದಂತೆ ಪಂಪ್ ತಗ್ಗಿಸಿ, ಬಳಿಕ ಪೂರ್ತಿ ನಿಲ್ಲಿಸಿದರು. ಬಾವಿಯ ಬಾಯಿ ತೆರೆದು ಒತ್ತಡ ಇಳಿಸುವ ಸಿದ್ಧತೆ ನಡೆದಿರುವಾಗಲೇ, ಅದೇ ಸಂಜೆ, 3.4ರ ಕಂಪನ ಊರನ್ನು ಅಲ್ಲಾಡಿಸಿತು. ಅಷ್ಟಕ್ಕೂ ಮುಗಿಯಲಿಲ್ಲ, 2007ರ ಜನವರಿ, ಫೆಬ್ರುವರಿಯಲ್ಲೂ 3ನ್ನು ಮೀರಿದ ಕಂಪನಗಳು ಬಂದವು. 2009ರಲ್ಲಿ ಯೋಜನೆಯನ್ನೇ ಕೈಬಿಟ್ಟರು.

ಪಂಪ್ ನಿಂತ ಕ್ಷಣಕ್ಕೆ ಒತ್ತಡ ನಿಲ್ಲುವುದಿಲ್ಲ. ಬಾವಿಯ ಬುಡದಲ್ಲಿ ಇಳಿಯತೊಡಗಿದರೂ ಅಂಚಿನಲ್ಲಿ ಅದು ಇನ್ನೂ ಹೊರಕ್ಕೆ ಹರಡುತ್ತಲೇ ಇರುತ್ತದೆ, ಅದುವರೆಗೆ ನೀರು ಮುಟ್ಟದ ಬಿರುಕುಗಳನ್ನು ಮುಟ್ಟುತ್ತದೆ. ಆದ್ದರಿಂದ ಕೆಂಪು ದೀಪದ ಮಿತಿಯನ್ನು ತಡೆದುಕೊಳ್ಳಬಲ್ಲ ಕಂಪನದ ಮಟ್ಟಕ್ಕೇ ಇಟ್ಟರೆ ತಡವಾಯಿತೆಂದೇ ಅರ್ಥ. ಅದಕ್ಕಿಂತ ಸಾಕಷ್ಟು ಕೆಳಗಿಡಬೇಕು. ಎಸ್ಪೋದಲ್ಲಿ ನಿಲ್ಲಿಸುವ ಮಿತಿಯನ್ನು 2.1ಕ್ಕೆ ಇಟ್ಟು, ಕಂಪನಗಳ ಸ್ಥಾನ ಮತ್ತು ಗಾತ್ರವನ್ನು ಆಗಿಂದಾಗಲೇ ಲೆಕ್ಕಹಾಕಿ, ಅದಕ್ಕೆ ತಕ್ಕಂತೆ ಪಂಪಿಗೆ ಬಿಡುವು ಕೊಡುತ್ತ ಹೋದರು. ಶಾಖದ ವ್ಯಾಪಾರ ಗಿಟ್ಟದೆ ಆ ಯೋಜನೆ ಮುಂದೆ ನಿಂತಿತು ಎಂಬುದು ಬೇರೆ ಮಾತು. ಕಂಪನ ಮಾತ್ರ ಹಿಡಿತದಲ್ಲಿತ್ತು.

ಪೋಹಾಂಗ್‌ನಲ್ಲಿ ಕಂಡೂ ಕಾಣದೆ ಹೋದ ಸೂಚನೆಗಳಿದ್ದವು. ಎರಡನೆಯ ಬಾವಿ ಕೊರೆಯುವಾಗ 3.8 ಕಿಲೋಮೀಟರ್ ಆಸುಪಾಸಿನಲ್ಲಿ ಕೊರೆತದ ಕೆಸರು ದೊಡ್ಡ ಪ್ರಮಾಣದಲ್ಲಿ ಬಂಡೆಯೊಳಕ್ಕೆ ಸೋರಿಹೋಗಿತ್ತು. ಅಂದರೆ ಅಲ್ಲಿ ಬಾಯ್ತೆರೆದ ಬಿರುಕು ವಲಯವಿತ್ತು. 2017ರ ಏಪ್ರಿಲ್‌ನಲ್ಲಿ 3.2ರ ಕಂಪನವೂ ಆಯಿತು. ಸರ್ಕಾರ ನೇಮಿಸಿದ ಆಯೋಗ 2019ರ ಮಾರ್ಚ್‌ನಲ್ಲಿ ವರದಿ ಕೊಟ್ಟಾಗ, ಹಳೆಯ ಕಿರುಕಂಪನಗಳ ಸ್ಥಾನಗಳನ್ನು ಹೊಸದಾಗಿ ಲೆಕ್ಕಹಾಕಿ ನೋಡಿದರೆ ಅವು ಒಂದೇ ಸಮತಲದಲ್ಲಿ ಸಾಲುಗಟ್ಟಿದ್ದವು; ನವೆಂಬರ್‌ನಲ್ಲಿ ಜಾರಿದ್ದು ಅದೇ ಸ್ತರಭಂಗ, ಅಂದರೆ ಬಂಡೆಯ ದೊಡ್ಡ ಬಿರುಕು. ಕೊನೆಯ ಸಲ ನೀರು ತಳ್ಳಿ ಸುಮಾರು ಎರಡು ತಿಂಗಳಾಗಿತ್ತು. ಆಯೋಗ ಮಾಡಿದ ಮರುಲೆಕ್ಕ ನೀರು ತಳ್ಳುವಾಗಲೇ, ವಾರ ವಾರಕ್ಕೂ ನಡೆಯಬೇಕಾದ ಕೆಲಸ. ಅದಕ್ಕೆ ಅದನ್ನೇ ಉಸಿರಾಡುವ ಒಬ್ಬ ಸಂಶೋಧಕ ಬೇಕು. ಹತ್ತು ಕೆಲಸದ ನಡುವೆ ಹನ್ನೊಂದನೆಯದಾಗಿ ಮಾಡುವ ಗುತ್ತಿಗೆದಾರನಿಂದ ಆಗದು.

ಪೂಗಾದಂಥ ಕಡೆ ಆ ಸಂಶೋಧಕರು ನಿಜವಾಗಿ ಎದುರಿಸಬೇಕಾದದ್ದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಯಾಕೆಂದರೆ ಕಂಪನಮಾಪಕ ಎಂದರೆ ಒಂದು ಪೆಟ್ಟಿಗೆ ತಂದಿಟ್ಟರಾಯಿತು ಎಂಬ ಭಾವನೆ ಟೆಂಡರ್ ಬರೆಯುವವರಲ್ಲೂ ಇದೆ. ಕನಿಷ್ಠ ಎಂಟರಿಂದ ಹತ್ತು ಕೇಂದ್ರಗಳು ಬೇಕು, ಬಾವಿಯ ಸುತ್ತ ಎಲ್ಲ ದಿಕ್ಕಿಗೂ. ಒಂದೇ ಬದಿಯಲ್ಲಿ ಸಾಲಾಗಿಟ್ಟರೆ ಸ್ಥಾನದ ಲೆಕ್ಕ ಆ ಬದಿಗೇ ಎಳೆಯುತ್ತದೆ. ಕಂಪನ ನಡೆಯುವ ಆಳ ಎಷ್ಟೋ ಅದಕ್ಕಿಂತ ಹತ್ತಿರದಲ್ಲಿ ಒಂದಾದರೂ ಕೇಂದ್ರ ಇರಬೇಕು. ಇಲ್ಲದಿದ್ದರೆ ಉದ್ದಗಲ ಸರಿಯಾಗಿ ಬಂದರೂ ಆಳ ಬಾಯಿಗೆ ಬಂದ ಅಂಕಿಯಾಗುತ್ತದೆ. 500 ಮೀಟರ್ ಬಾವಿಗೆ ಇದರ ಅರ್ಥ, ಕೆಲವು ಕೇಂದ್ರಗಳು ಬಾವಿಯಿಂದ ಕೂಗಳತೆಯಲ್ಲೇ ಇರಬೇಕು. ಆದರೆ ಅಲ್ಲೇ ಗದ್ದಲವೂ ಹೆಚ್ಚು. ನಿಮಿಷಕ್ಕೆ 1,500 ಸುತ್ತು ತಿರುಗುವ ಡೀಸೆಲ್ ಜನರೇಟರ್ ಸೆಕೆಂಡಿಗೆ 25 ಸಲ, ಅಂದರೆ 25 ಹರ್ಟ್ಸ್‌ನಲ್ಲಿ ನೆಲವನ್ನು ಅದುರಿಸುತ್ತದೆ, ಕಿರುಕಂಪನಗಳ ಸದ್ದು ಇರುವುದೂ ಹತ್ತರಿಂದ ನೂರು ಹರ್ಟ್ಸ್ ನಡುವೆಯೇ. ಕುದಿಯುವ ಬುಗ್ಗೆಗಳು ಹಗಲು ರಾತ್ರಿ ಬೇರೆ ಗುಡುಗುಡಿಸುತ್ತಿರುತ್ತವೆ. ಇದಕ್ಕೆ ಮದ್ದು ಮಾಪಕವನ್ನು ನೂರಿನ್ನೂರು ಮೀಟರ್ ಆಳದ ಸಣ್ಣ ಬಾವಿಗಿಳಿಸುವುದು. ಇಳಿಯುವಾಗ ಅದು ಸುತ್ತಿಕೊಂಡು ಯಾವ ದಿಕ್ಕಿಗೆ ಮುಖ ಮಾಡಿ ನಿಂತಿದೆಯೋ ತಿಳಿಯುವುದಿಲ್ಲ. ಸ್ಥಾನ ಗೊತ್ತಿರುವ ಜಾಗದಲ್ಲಿ ಸಣ್ಣ ಸಿಡಿತ ಅಥವಾ ಸುತ್ತಿಗೆಯ ಹೊಡೆತ ಕೊಟ್ಟು ದಿಕ್ಕನ್ನು ಕಂಡುಕೊಳ್ಳಬೇಕು. ಇಷ್ಟು ಸಣ್ಣ ಕೆಲಸ ಬಿಟ್ಟುಹೋದದ್ದರಿಂದ ಅಡ್ಡ ಘಟಕಗಳ (ನೆಲದ ಅಡ್ಡ ಅಲುಗಾಟವನ್ನು ಅಳೆಯುವ ಭಾಗಗಳ) ದತ್ತಾಂಶವೆಲ್ಲ ಅರೆಬರೆ ಉಪಯೋಗಕ್ಕಿಳಿಯುವುದುಂಟು.

ಉತ್ಪಾದನಾ ಬಾವಿಯೊಳಗೇ ಮಾಪಕ ಇಡೋಣ ಎಂದರೆ ಶಾಖದ ತೊಂದರೆ. ಸಾಮಾನ್ಯ ಎಲೆಕ್ಟ್ರಾನಿಕ್ಸ್ 125ರಿಂದ 150 ಡಿಗ್ರಿ ದಾಟಿದರೆ ಕೈಕೊಡುತ್ತದೆ. ಅಮೆರಿಕದ ಯೂಟಾ ಫೋರ್ಜ್ ಪ್ರಯೋಗ ಕ್ಷೇತ್ರದ ಗ್ರಾನೈಟ್ 200 ಡಿಗ್ರಿಯನ್ನೂ ಮೀರಿ ಬಿಸಿ ಇರುವುದರಿಂದ ಅಲ್ಲಿ ಬಾವಿಯ ಕೊಳವೆಯ ಹಿಂದೆ ಆಪ್ಟಿಕಲ್ ಫೈಬರ್ ಹುದುಗಿಸಿ, ಅದರ ಉದ್ದಕ್ಕೂ ಬೆಳಕಿನ ಬದಲಾವಣೆಯಿಂದ ಕಂಪನ ಓದುವ ವಿಧಾನಕ್ಕೆ ಹೋದರು. ಅದರಲ್ಲೂ ಕೊರತೆಯಿದೆ: ಫೈಬರ್ ತನ್ನ ಉದ್ದದ ದಿಕ್ಕಿನ ಎಳೆತವನ್ನಷ್ಟೇ ಅಳೆಯುತ್ತದೆ, ಅಡ್ಡದಿಂದ ಬಡಿದ ಅಲೆಗೆ ಅರೆಕಿವುಡು.

ಇನ್ನು ಚಳಿ. ಪೂಗಾದ ಚಳಿಗಾಲದಲ್ಲಿ ಸೊನ್ನೆಗಿಂತ 20 ಡಿಗ್ರಿ ಕೆಳಗೆ ಹೋದಾಗ ಲೆಡ್ ಆಸಿಡ್ ಬ್ಯಾಟರಿಯ ಶಕ್ತಿ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಚಾರ್ಜ್ ತೀರಿದ ಬ್ಯಾಟರಿಯ ಆಮ್ಲ ತೆಳುವಾಗಿ, ಹೆಪ್ಪುಗಟ್ಟಿ ಹೊರಕವಚವೇ ಸೀಳಬಹುದು. ಲಿಥಿಯಂ ಐರನ್ ಫಾಸ್ಫೇಟ್ ಹಾಕಿದರೆ ಇನ್ನೊಂದು ಪೇಚು: ಸೊನ್ನೆಯ ಕೆಳಗೆ ಅದನ್ನು ಚಾರ್ಜ್ ಮಾಡಬಾರದು, ಮಾಡಿದರೆ ಒಳಗೆ ಶಾಶ್ವತ ಹಾನಿ. ಬ್ಯಾಟರಿಯನ್ನು ಥರ್ಮೊಕೋಲ್ ಹೊದಿಸಿದ ಪೆಟ್ಟಿಗೆಯಲ್ಲಿ ನೆಲದೊಳಗೆ ಹೂಳುವುದು, ಸೌರ ಫಲಕವನ್ನು ಹಿಮ ನಿಲ್ಲದಂತೆ ಹೆಚ್ಚುಕಡಿಮೆ ನೆಟ್ಟಗೆ ನಿಲ್ಲಿಸುವುದು ಸದ್ಯದ ದಾರಿ. ಮಾಪಕವನ್ನು ಮೇಲ್ಮಣ್ಣಿನಲ್ಲಿ ಹೂಳಿದರೆ ಹೆಪ್ಪುಗಟ್ಟಿದ ನೆಲ ಉಬ್ಬಿ ಅದನ್ನು ಓರೆ ಮಾಡುತ್ತದೆ. ವಸಂತದಲ್ಲಿ ನೋಡಿದರೆ ಅಡ್ಡ ಘಟಕಗಳೆರಡೂ ಗೆರೆ ಎಳೆದಂತೆ ಸತ್ತಿರುತ್ತವೆ. ಒಂದೂವರೆ ಎರಡು ಮೀಟರ್ ಆಳಕ್ಕೆ ಹೋಗಿ ಸಿಮೆಂಟಿನಲ್ಲಿ ಕೂರಿಸಬೇಕು, ಸಿಮೆಂಟ್ ಗಟ್ಟಿಯಾಗುವುದು ಬೇಸಿಗೆಯಲ್ಲಿ ಮಾತ್ರ. ಜೂನ್‌ನಿಂದ ಸೆಪ್ಟೆಂಬರ್ ತಪ್ಪಿದರೆ ವರ್ಷವೇ ತಪ್ಪಿತು. ಬುಗ್ಗೆಗಳ ಬಳಿ ಗಂಧಕದ ಅನಿಲ ತಾಮ್ರದ ತಂತಿ, ಕನೆಕ್ಟರುಗಳನ್ನು ಕಪ್ಪಾಗಿಸಿ ತಿಂದುಹಾಕುತ್ತದೆ. ಚಿನ್ನದ ಲೇಪದ ಪಿನ್ನು, ಗಾಳಿಯಾಡದ ಪೆಟ್ಟಿಗೆ ಐಷಾರಾಮವಲ್ಲ.

ಗಡಿಯಾರ ಎಲ್ಲಕ್ಕಿಂತ ಮುಖ್ಯ. ಜಿಪಿಎಸ್ ಆಂಟೆನಾದ ಮೇಲೆ ಹಿಮ ಕೂತು ಸಂಪರ್ಕ ತಪ್ಪಿತೆನ್ನಿ. ದಶಲಕ್ಷಕ್ಕೆ ಒಂದರಷ್ಟು ಜಾರುವ ಒಳಗಡಿಯಾರ ಒಂದು ದಿನದಲ್ಲಿ 86 ಮಿಲಿಸೆಕೆಂಡ್ ತಪ್ಪುತ್ತದೆ. ಸೆಕೆಂಡಿಗೆ 5 ಕಿಲೋಮೀಟರ್ ಓಡುವ ಮೊದಲ ಅಲೆಯ ಲೆಕ್ಕದಲ್ಲಿ ಅದು 430 ಮೀಟರ್. ಬಾವಿಯೇ 500 ಮೀಟರ್ ಆಳದ್ದಾದರೆ ಕಂಪನ ಎಲ್ಲಾಯಿತೆಂದು ಯಾರ ಮುಂದೆ ಹೇಳುವುದು? ಹತ್ತು ಕೇಂದ್ರ, ತಲಾ ಮೂರು ಘಟಕ, ಸೆಕೆಂಡಿಗೆ 500 ಮಾದರಿ (ಅಂದರೆ 500 ಸಲ ಅಳತೆ), ಮಾದರಿಗೆ 4 ಬೈಟ್ ಎಂದರೆ ದಿನಕ್ಕೆ ಸುಮಾರು 5.2 ಗಿಗಾಬೈಟ್. ಗಡಿಪ್ರದೇಶವಾದ್ದರಿಂದ ಅದನ್ನು ಉಪಗ್ರಹದ ಮೂಲಕ ಕಳಿಸಲು ಅನುಮತಿಗಳ ಸರಮಾಲೆಯೇ ಬೇಕು. ಅರ್ಜಿ ಮೊದಲ ವರ್ಷದಲ್ಲೇ ಹೋಗಬೇಕು.

ದತ್ತಾಂಶ ಕೈಗೆ ಬಂದ ಮೇಲೂ ಬಲೆಗಳಿವೆ. ಈಗ ಎಲ್ಲರೂ ಬಳಸುವ ಫೇಸ್‌ನೆಟ್‌ನಂಥ ಯಂತ್ರಕಲಿಕೆಯ ತಂತ್ರಾಂಶ ತರಬೇತಾಗಿರುವುದು ಸೆಕೆಂಡಿಗೆ 100 ಮಾದರಿಯ ಕ್ಯಾಲಿಫೋರ್ನಿಯಾದ ದಾಖಲೆಗಳ ಮೇಲೆ. ಮೊದಲು ಬರುವ ಪಿ ಮತ್ತು ಅದರ ಹಿಂದೆ ಬರುವ ಎಸ್ ಅಲೆಗಳ ನಡುವೆ ಅರ್ಧ ಸೆಕೆಂಡೂ ಇಲ್ಲದ ಕಿರುಕಂಪನದಲ್ಲಿ ಅದು ಒಂದನ್ನು ಇನ್ನೊಂದೆಂದು ಹೆಸರಿಸುವ ಅಪಾಯವಿದೆ. ಸ್ಥಳೀಯವಾಗಿ ಕೈಯಿಂದ ಗುರುತಿಸಿದ ಕೆಲವು ಸಾವಿರ ಉದಾಹರಣೆ ಕೊಟ್ಟು ಮತ್ತೆ ಕಲಿಸಬೇಕು. ಬೇಸರದ ಕೆಲಸ, ಆದರೆ ಪ್ರಬಂಧದ ಅರ್ಧ ಜೀವ ಅದರಲ್ಲೇ ಇದೆ. ಕಂಪನದ ಗಾತ್ರವನ್ನು ಯಾವ ಅಳತೆಯಲ್ಲಿ ಹೇಳುತ್ತೇವೆ ಎಂಬುದೂ ಸಣ್ಣ ವಿಷಯವಲ್ಲ. ಮಾಪಕದಲ್ಲಿ ಕಂಡ ಅಲೆಯ ಎತ್ತರದಿಂದ ಲೆಕ್ಕಹಾಕುವ ಸ್ಥಳೀಯ ಅಳತೆಯ ಸೊನ್ನೆ, ಬಿರುಕು ಎಷ್ಟು ಜಾರಿತು ಎಂಬುದರಿಂದ ಲೆಕ್ಕಹಾಕುವ ಮೊಮೆಂಟ್ ಮ್ಯಾಗ್ನಿಟ್ಯೂಡ್‌ನಲ್ಲಿ ಸುಮಾರು 1 ಆಗಿಬಿಡಬಹುದು. ಕೆಂಪು ದೀಪ 2ಕ್ಕೆ ಎಂದು ಬರೆದು ಅಳತೆ ಹೇಳದಿದ್ದರೆ ಆ ನಿಯಮವನ್ನು ಯಾರು ಹೇಗೆ ಬೇಕಾದರೂ ಓದಬಹುದು. ಇನ್ನು ಹಿನ್ನೆಲೆ ಸದ್ದಿನಿಂದಲೇ ಬಂಡೆಯಲ್ಲಿ ಅಲೆಯ ವೇಗ ಎಷ್ಟು ಬದಲಾಯಿತು ಎಂದು ಕಂಡುಹಿಡಿಯುವ ವಿಧಾನವಿದೆ. ಅದು ತೋರಿಸುವುದು ಶೇಕಡಾ 0.1ರಷ್ಟು ಸಣ್ಣ ವ್ಯತ್ಯಾಸ, ಹಿಮ ಕರಗಿ ಅಂತರ್ಜಲ ಏರಿದರೂ ಅಷ್ಟೇ ವ್ಯತ್ಯಾಸ ಬರುತ್ತದೆ. ಒಂದು ಪೂರ್ಣ ವರ್ಷದ ಮುಂಚಿನ ದಾಖಲೆ ಬೇಕು ಎಂದು ನಾವು ಹಟ ಹಿಡಿಯುವುದಕ್ಕೆ ದೊಡ್ಡ ಕಾರಣ ಇದು.

ಕರ್ನಾಟಕಕ್ಕೂ ಇದಕ್ಕೂ ಏನು ಸಂಬಂಧ ಎಂದು ಓದುಗರು ಕೇಳಬಹುದು. ಭೂಶಾಖ ವಿದ್ಯುತ್ತಿನ ಮಟ್ಟಿಗೆ ಹೆಚ್ಚೇನೂ ಇಲ್ಲ. ನಮ್ಮ ಧಾರವಾಡ ಶಿಲಾವಲಯ ಹಳೆಯದು, ತಣ್ಣಗಿನದು. ಕೋಲಾರದ ಚಿನ್ನದ ಗಣಿಯಲ್ಲಿ 3 ಕಿಲೋಮೀಟರ್ ದಾಟಿ ಇಳಿದರೂ ಬಂಡೆಯ ಬಿಸಿ 65 ಡಿಗ್ರಿ ಆಸುಪಾಸಿನಲ್ಲಿತ್ತು. ಪುತ್ತೂರು ಬಳಿಯ ಬೆಂದ್ರು ತೀರ್ಥದ ಬೆಚ್ಚನೆಯ ನೀರು ನೋಡಿ ಟರ್ಬೈನ್ ಕನಸು ಕಾಣುವುದು ಬೇಡ. ಆದರೆ ನೆಲಕ್ಕೆ ಕಿವಿಗೊಡುವ ಅನುಭವ ನಮ್ಮಲ್ಲಿ ಧಾರಾಳವಾಗಿದೆ. ಗೌರಿಬಿದನೂರಿನಲ್ಲಿ 1960ರ ದಶಕದಿಂದ ಭಾಭಾ ಅಣುಶಕ್ತಿ ಸಂಶೋಧನಾ ಕೇಂದ್ರದ ಕಂಪನಮಾಪಕಗಳ ಸಾಲು ಕೆಲಸ ಮಾಡುತ್ತಿದೆ. ಹಲವು ಮಾಪಕಗಳ ಸಂಕೇತಗಳನ್ನು ಹೊಂದಿಸಿ ಕೂಡಿಸಿ ಗದ್ದಲದೊಳಗಿನ ಸಣ್ಣ ಸದ್ದನ್ನು ಹೆಕ್ಕುವ ಅದೇ ವಿದ್ಯೆ ಭೂಶಾಖ ಕ್ಷೇತ್ರಕ್ಕೂ ಬೇಕು. ಕೋಲಾರದಲ್ಲಿ ಬಂಡೆ ಸಿಡಿತಗಳನ್ನು ದಶಕಗಳ ಕಾಲ ಮಾಪಕಗಳಿಂದ ಹಿಂಬಾಲಿಸಿದ್ದಾರೆ. ಗಣಿಯ ಖಾಲಿ ಸುರಂಗಗಳಿಗೆ ನೀರು ತುಂಬಿಕೊಂಡಾಗ ನೆಲ ನಡುಗಿದ್ದನ್ನೂ ಅಲ್ಲಿ ಅಧ್ಯಯನ ಮಾಡಿದ್ದಾರೆ. ನೀರು ಮತ್ತು ಬಿರುಕಿನ ಸಂಬಂಧಕ್ಕೆ ಇದಕ್ಕಿಂತ ಹತ್ತಿರದ ಪಾಠ ಬೇಕೇ? ಆ ದಾಖಲೆಗಳನ್ನು ಇಂದಿನ ತಂತ್ರಾಂಶದಲ್ಲಿ ಮತ್ತೆ ಲೆಕ್ಕಹಾಕುವುದೇ ಒಂದು ಒಳ್ಳೆಯ ಪಿಎಚ್.ಡಿ. ವಿಷಯ. ಲಡಾಖ್‌ಗೆ ಹೋಗುವ ಮುಂಚೆ ವಿದ್ಯಾರ್ಥಿ ಕೈ ಪಳಗಿಸಿಕೊಳ್ಳಲು ಅದಕ್ಕಿಂತ ಒಳ್ಳೆಯ ಜಾಗ ಬೇರಿಲ್ಲ.

ಜೆಆರ್‌ಎಫ್ ಎರಡು ವರ್ಷ, ಎಸ್‌ಆರ್‌ಎಫ್ ಮೂರು ವರ್ಷ ಎಂಬ ಸಂಶೋಧನಾ ಶಿಷ್ಯವೇತನದ ಐದು ವರ್ಷದ ಚೌಕಟ್ಟು ಇಂಥ ಕೆಲಸಕ್ಕೆ ಸರಿಹೊಂದುತ್ತದೆ: ಮೊದಲ ಬೇಸಿಗೆ ಗದ್ದಲದ ಸಮೀಕ್ಷೆ ಮತ್ತು ಸ್ಥಾಪನೆ, ಅಲ್ಲಿಂದ ಒಂದು ವರ್ಷ ಹಿನ್ನೆಲೆ ದಾಖಲೆ, ಆಮೇಲೆ ಎರಡು ವರ್ಷ ನೀರಿನ ಮರುಪೂರಣದ ಜೊತೆಗಿನ ವಿಶ್ಲೇಷಣೆ, ಉಳಿದದ್ದು ಬರವಣಿಗೆ. ಮೊದಲೆರಡು ವರ್ಷದ ಶಿಷ್ಯವೇತನ 2023ರಿಂದ ತಿಂಗಳಿಗೆ 37,000 ರೂಪಾಯಿಗೆ ಏರಿದೆ, ಸಂತೋಷ. ಆದರೆ ಉಪಕರಣದ ಹಣ, ಕ್ಷೇತ್ರಕ್ಕೊಬ್ಬ ಕಾಯಂ ತಂತ್ರಜ್ಞ, ಎರಡೂ ಯೋಜನೆಯ ಬಾಬತ್ತಿನಲ್ಲೇ ಬರಬೇಕು. ಬ್ಯಾಟರಿ ಹೊರುವುದರಲ್ಲೇ ವಿದ್ಯಾರ್ಥಿಯ ಎರಡು ವರ್ಷ ಕಳೆದರೆ ಪ್ರಬಂಧ ಬರೆಯುವವರು ಯಾರು?

ಇದಕ್ಕಿಂತ ದೊಡ್ಡ ಅಡ್ಡಿ ಪಂಪಿನ ದಾಖಲೆ. ಎಷ್ಟೋ ಕಡೆ ಸಂಶೋಧಕರ ಕೈಗೆ ಕಂಪನಗಳ ಪಟ್ಟಿ ಸಿಗುತ್ತದೆ, ಮೂಲ ಅಲೆದಾಖಲೆ ಸಿಗುವುದಿಲ್ಲ. ಅದೂ ಸಿಕ್ಕರೆ ನೀರಿನ ಪ್ರಮಾಣ ಮತ್ತು ಒತ್ತಡದ ಲೆಕ್ಕ ವ್ಯಾಪಾರದ ಗುಟ್ಟು ಎಂಬ ಉತ್ತರ ಬರುತ್ತದೆ. ಪಂಪಿನ ದಾಖಲೆ ಇಲ್ಲದೆ ಯಾವ ಕಂಪನ ನೀರಿನಿಂದ ಬಂತು, ಯಾವುದು ಹಿಮಾಲಯದ ಸಹಜ ಕಂಪನ ಎಂದು ಬೇರ್ಪಡಿಸಲಾಗದು. ಆದ್ದರಿಂದ ಹೊಸ ನೀತಿಯಡಿ ಪರವಾನಗಿ ಕೊಡುವಾಗಲೇ ಷರತ್ತು ಸೇರಲಿ: ನಿಮಿಷ ನಿಮಿಷದ ಹರಿವು ಮತ್ತು ಬಾವಿಬಾಯಿಯ ಒತ್ತಡ, ಎಲ್ಲ ಕೇಂದ್ರಗಳ ನಿರಂತರ ಅಲೆದಾಖಲೆ, ಕೇಂದ್ರಗಳ ನಿಖರ ಸ್ಥಾನ ಮತ್ತು ಮಾಪಕದ ಸಂವೇದನಾಂಕ (ಎಷ್ಟು ಅಲುಗಾಟಕ್ಕೆ ಎಷ್ಟು ಸಂಕೇತ ಕೊಡುತ್ತದೆ ಎಂಬ ಅಂಕಿ), ಈ ಮೂರೂ ದೆಹಲಿಯ ರಾಷ್ಟ್ರೀಯ ಭೂಕಂಪನ ವಿಜ್ಞಾನ ಕೇಂದ್ರಕ್ಕೆ ಆಯಾ ಹೊತ್ತಿಗೇ ತಲುಪಬೇಕು. ಆರು ತಿಂಗಳ ನಂತರ ಯಾವ ವಿಶ್ವವಿದ್ಯಾಲಯದ ವಿದ್ಯಾರ್ಥಿ ಕೇಳಿದರೂ ಸಿಗಬೇಕು. ಪಂಪ್ ನಿಲ್ಲಿಸಿದ ಮೇಲೂ ಕನಿಷ್ಠ ಎರಡು ವರ್ಷ ಮಾಪಕಗಳನ್ನು ಕೀಳುವಂತಿಲ್ಲ ಎಂದೂ ಬರೆದಿರಲಿ.

ಇತಿ,
ಭೂಕಂಪ ಅಧ್ಯಯನದಲ್ಲಿ ತೊಡಗಿರುವ ಇಬ್ಬರು ಓದುಗರು
ಬೆಂಗಳೂರು